ಗಾಜಿನ ಪೆಟ್ಟಿಗೆಯಲ್ಲೊಂದು ಪುಟ್ಟ ಕಡಲು

ಮಕ್ಕಳೇ, ಅಕ್ವೇರಿಯಂ ಎಂಬ ಹೆಸರು ಕೇಳಿದ್ದೀರಲ್ಲ? ಗಾಜಿನ ತೊಟ್ಟಿ, ಅದರೊಳಗೆ ಬಣ್ಣಬಣ್ಣದ ಮೀನು, ಗುಳುಗುಳು ಎಂದು ಏಳುವ ಗಾಳಿಗುಳ್ಳೆ. ಪೇಟೆಯ ಅಂಗಡಿಯಲ್ಲೋ ಆಸ್ಪತ್ರೆಯ ಹಜಾರದಲ್ಲೋ ನೋಡಿರುತ್ತೀರಿ. ಅವುಗಳಲ್ಲಿ ಹೆಚ್ಚಿನವು ಸಿಹಿನೀರಿನ ತೊಟ್ಟಿಗಳು. ಕಡಲ ಮೀನುಗಳನ್ನು ಮನೆಯಲ್ಲಿ ಸಾಕುವುದು ಬೇರೆಯೇ ಮಾತು. ಅವಕ್ಕೆ ಉಪ್ಪುನೀರು ಬೇಕು. ಉಪ್ಪುನೀರು ಇದ್ದರಷ್ಟೇ ಸಾಲದು, ಆ ನೀರು ‘ಜೀವಂತ’ವಾಗಿಯೂ ಇರಬೇಕು! ನೀರಿಗೆಲ್ಲಿಯ ಜೀವ ಎನ್ನುತ್ತೀರಾ? ಹಳೆಯ ತೊಟ್ಟಿಯೊಂದನ್ನು ಸರಿಪಡಿಸುವಾಗ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ನಮ್ಮದು ಉತ್ತರ ಕನ್ನಡ ಜಿಲ್ಲೆಯ ಕುಮಟಾ. 2021ರ ಡಿಸೆಂಬರಿನಲ್ಲಿ ಪರಿಚಿತರೊಬ್ಬರು ಮನೆ ಬದಲಿಸುವಾಗ ತಮ್ಮ ಹಿತ್ತಲಲ್ಲಿ ಬಿದ್ದಿದ್ದ ಗಾಜಿನ ತೊಟ್ಟಿಯನ್ನು ನಮಗೆ ಕೊಟ್ಟರು. ಬಹಳ ವರ್ಷಗಳ ಹಿಂದೆ ಅದರಲ್ಲಿ ಕಡಲ ಮೀನು, ಬಣ್ಣದ ಸಿಗಡಿ ಸಾಕಲು ಅವರು ಪ್ರಯತ್ನಿಸಿದ್ದರಂತೆ. ಮೊದಲ ಸಲ ತಂದ ಮೀನುಗಳೆಲ್ಲ ಮೂರು ವಾರದೊಳಗೆ ಸತ್ತವು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಸತ್ತ ಮೇಲೆ, “ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ” ಎಂದು ಕೈಬಿಟ್ಟರು.

ನನ್ನ ಅಣ್ಣನ ಮಗಳು ಆಗ ಆರನೆಯ ತರಗತಿಯಲ್ಲಿದ್ದಳು. ತೊಟ್ಟಿಯನ್ನು ಕಂಡವಳೇ, “ಅತ್ತೆ, ಆಗಿಬರುವುದಿಲ್ಲ ಅಂದರೆ ಏನು? ಮೀನುಗಳು ಯಾಕೆ ಸತ್ತವು ಅಂತ ಅವರು ಹೇಳಲೇ ಇಲ್ಲವಲ್ಲ!” ಎಂದಳು. ಪ್ರಶ್ನೆ ಸರಿಯಾಗಿತ್ತು. ಸಾವಿಗೆ ಕಾರಣ ತಿಳಿಯದೆ ಇನ್ನೊಂದು ಜೀವವನ್ನು ಆ ತೊಟ್ಟಿಗೆ ಬಿಡುವುದು ನ್ಯಾಯವಲ್ಲ. ಹಾಗಾಗಿ ಮೀನಿನ ಮಾತು ಆಮೇಲೆ, ಮೊದಲು ಕಾರಣ ಹುಡುಕೋಣ ಎಂದು ಇಬ್ಬರೂ ತೀರ್ಮಾನಿಸಿದೆವು.

ಬಿಳಿ ಕಲೆಯ ಗುಟ್ಟು

ತೊಟ್ಟಿಯ ಅಂಚಿನ ತುಂಬ ಬಿಳಿಯ ಕಲೆಗಳಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದಾಗ ಕೆಲವು ಕರಗಿ ಹೋದವು. ಅವು ಉಪ್ಪು. ಉಳಿದವು ಎಷ್ಟು ತಿಕ್ಕಿದರೂ ಜಗ್ಗಲಿಲ್ಲ. ಅವುಗಳ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿದೆವು. ಸಣ್ಣಗೆ ನೊರೆ ಎದ್ದಿತು! ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಜೊತೆ ವರ್ತಿಸಿದಾಗ ಕಾರ್ಬನ್ ಡೈ ಆಕ್ಸೈಡ್ ಅನಿಲ ಬರುತ್ತದೆ. ಸುಣ್ಣದ ಕಲ್ಲು, ಮೊಟ್ಟೆಯ ಸಿಪ್ಪೆ, ಚಿಪ್ಪು ಎಲ್ಲವೂ ಇದೇ ವಸ್ತು. ಹಾಗಾಗಿ ತೊಳೆಯುವ ಕೆಲಸಕ್ಕೆ ವಿನೆಗರ್ ಮತ್ತು ನೀರು ಸಾಕಾಯಿತು. ಸೋಪನ್ನು ಮುಟ್ಟಲಿಲ್ಲ. ಸೋಪಿನ ಅಂಶ ಉಳಿದುಕೊಂಡರೆ ಮೀನಿನ ಕಿವಿರುಗಳಿಗೆ ಅಪಾಯ.

ಮುಂದೆ ತೊಟ್ಟಿಯನ್ನು ಹಳೆಯ ವೃತ್ತಪತ್ರಿಕೆಗಳ ಮೇಲಿಟ್ಟು ಬಾವಿ ನೀರು ತುಂಬಿದೆವು. ಮರುದಿನ ಬೆಳಿಗ್ಗೆ ಒಂದು ಮೂಲೆಯ ಕೆಳಗೆ ಮಾತ್ರ ಕಾಗದ ಒದ್ದೆಯಾಗಿತ್ತು. ಸೋರುವ ಜಾಗ ತಾನಾಗಿಯೇ ಗೊತ್ತಾಯಿತು! ಗಾಜುಗಳನ್ನು ಹಿಡಿದಿಡುವುದು ಸಿಲಿಕೋನ್ ಎಂಬ ರಬ್ಬರಿನಂಥ ಅಂಟು. ಹೊಸ ಸಿಲಿಕೋನ್ ಹಳೆಯದರ ಮೇಲೆ ಸರಿಯಾಗಿ ಅಂಟುವುದಿಲ್ಲ. ಆದ್ದರಿಂದ ಒಳಗಿನ ಹಳೆಯದನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದು ಹೊಸದನ್ನು ಬಳಿದೆವು. ಬ್ಲೇಡಿನ ಕೆಲಸ ದೊಡ್ಡವರದು, ನೆನಪಿರಲಿ. ಸಿಲಿಕೋನ್ ಒಣಗುವಾಗ ಮನೆ ತುಂಬ ವಿನೆಗರ್ ವಾಸನೆ. ಅದೂ ಅಸಿಟಿಕ್ ಆಮ್ಲವೇ. ವಾಸನೆ ಪೂರ್ತಿ ಹೋಗುವವರೆಗೆ ಒಂದು ವಾರ ಕಾದು, ಮತ್ತೆ ನೀರು ತುಂಬಿ ಮೂರು ದಿನ ಬಿಟ್ಟೆವು. ಕಾಗದ ಒಣಗಿಯೇ ಇತ್ತು.

ತೊಟ್ಟಿಯ ಉದ್ದ 90 ಸೆಂಟಿಮೀಟರ್, ಅಗಲ 40, ಎತ್ತರ 40. ನೀರು ನಿಲ್ಲಿಸುವುದು 36 ಸೆಂಟಿಮೀಟರಿನವರೆಗೆ. ಗುಣಿಸಿ ನೋಡಿ. 1,29,600 ಘನ ಸೆಂಟಿಮೀಟರ್, ಅಂದರೆ ಸುಮಾರು 130 ಲೀಟರ್. ನೀರೊಂದೇ 130 ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ! ಅದಕ್ಕೆ ತಕ್ಕ ಗಟ್ಟಿ ಮೇಜನ್ನೇ ಆರಿಸಿಕೊಂಡೆವು.

ನೀಲಿ ಪುಡಿಯ ಸುಳಿವು

ತೊಟ್ಟಿಯ ಜೊತೆ ಒಂದು ಚೀಲ ಹಳೆಯ ಸುಣ್ಣಕಲ್ಲಿನ ಚೂರುಗಳೂ ಬಂದಿದ್ದವು. ಚೀಲದ ತಳದಲ್ಲಿ ಒಂದು ಬಾಟಲಿ. ಅದರಲ್ಲಿ ಸ್ವಲ್ಪ ನೀಲಿ ಪುಡಿ. ಅಡಿಕೆ ತೋಟದ ಮಕ್ಕಳು ಇದನ್ನು ನೋಡಿದರೆ ಥಟ್ಟನೆ ಹೇಳುತ್ತಾರೆ. ಮೈಲುತುತ್ತ! ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗ ತಡೆಯಲು ಸುಣ್ಣದ ಜೊತೆ ಬೆರೆಸಿ, ಬೋರ್ಡೋ ದ್ರಾವಣ ಮಾಡಿ ಸಿಂಪಡಿಸುತ್ತಾರಲ್ಲ, ಅದೇ. ಮೀನಿನ ಮೈಮೇಲಿನ ಪರೋಪಜೀವಿಗಳನ್ನು ಕೊಲ್ಲಲು ಇದನ್ನು ಅತಿ ಸಣ್ಣ ಪ್ರಮಾಣದಲ್ಲಿ ಬಳಸುವುದುಂಟು.

ಆದರೆ ಸಿಗಡಿ, ಏಡಿ, ಶಂಖದ ಹುಳುಗಳಿಗೆ ನೀರಿನಲ್ಲಿ ಕರಗಿದ ತಾಮ್ರ ವಿಷ. ಇಲ್ಲೊಂದು ವಿಚಿತ್ರವಿದೆ. ನಮ್ಮ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೊಗ್ಲೋಬಿನ್‌ನಲ್ಲಿ ಕಬ್ಬಿಣವಿದ್ದರೆ, ಸಿಗಡಿಯ ರಕ್ತದ ಹಿಮೊಸಯನಿನ್‌ನಲ್ಲಿ ಇರುವುದು ತಾಮ್ರ! ದೇಹಕ್ಕೆ ಬೇಕಾದ ವಸ್ತುವೇ ಹೆಚ್ಚಾದಾಗ ವಿಷವಾಗುತ್ತದೆ. ತಾಮ್ರ ಸುಣ್ಣಕಲ್ಲಿಗೆ ಅಂಟಿಕೊಂಡು, ಮುಂದೆ ಮೆಲ್ಲಮೆಲ್ಲನೆ ನೀರಿಗೆ ಇಳಿಯಬಹುದು. ಆ ಮನೆಯ ಸಿಗಡಿಗಳು ಸಾಯಲು ಇದು ಕಾರಣವಾಗಿರಬಹುದು. ಆ ಕಲ್ಲುಗಳನ್ನು ನಾವು ಬಳಸಲಿಲ್ಲ.

ಅವುಗಳ ಬದಲಿಗೆ ಏನು? ಅಘನಾಶಿನಿ ನದಿಯ ಅಳಿವೆಯಲ್ಲಿ ಬಳಚು ಧಾರಾಳವಾಗಿ ಸಿಗುತ್ತದೆ. ಅಡುಗೆಯಾದ ಮೇಲೆ ಚಿಪ್ಪು ಹಿತ್ತಲಿಗೆ ಬೀಳುತ್ತದೆ. ಅಂಥ ಚಿಪ್ಪುಗಳನ್ನು ಕುದಿಸಿ, ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಪುಡಿಮಾಡಿ ತೊಟ್ಟಿಯ ತಳಕ್ಕೆ ಹರಡಿದೆವು. ಕಡಲ ನೀರು ಸ್ವಲ್ಪ ಕ್ಷಾರೀಯ, ಪಿಎಚ್ ಸುಮಾರು 8.1. ನೀರು ಆಮ್ಲದ ಕಡೆ ಜಾರಿದರೆ ಚಿಪ್ಪು ನಿಧಾನ ಕರಗಿ ಅದನ್ನು ತಡೆಯಲು ನೆರವಾಗುತ್ತದೆ. ಚಿಪ್ಪಿನ ಮೇಲೆ ಅಂಗಡಿಯಿಂದ ತಂದ, ಸಣ್ಣ ರಂಧ್ರಗಳಿರುವ ಪಿಂಗಾಣಿ ಉಂಡೆಗಳನ್ನು ಗುಡ್ಡೆ ಹಾಕಿದೆವು.

ಎಲ್ಲಿಯ ಕಡಲು ನೀರು?

ಕಡಲು ಮನೆಯ ಹತ್ತಿರವೇ ಇದೆ, ಒಂದು ಬಿಂದಿಗೆ ತಂದು ಸುರಿದರಾಯಿತು ಎನ್ನಬೇಡಿ. ಮಳೆಗಾಲದಲ್ಲಿ ಅಘನಾಶಿನಿಯ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗಿರುತ್ತದೆ. ಬಂದರಿನ ನೀರಿನಲ್ಲಿ ದೋಣಿಗಳ ಡೀಸೆಲ್ ಬೆರೆತಿರುತ್ತದೆ. ನಾವು ಮಳೆ ನಿಂತು ಬಹಳ ದಿನಗಳಾದ ಮೇಲೆ, 2022ರ ಜನವರಿಯಲ್ಲಿ, ಅಳಿವೆಯಿಂದ ದೂರದ ತೀರದಲ್ಲಿ, ಭರತದ ಹೊತ್ತಿಗೆ ನೀರು ತುಂಬಿಕೊಂಡೆವು. 20 ಲೀಟರಿನ ಹತ್ತು ಕ್ಯಾನು. ಆಟೋ ರಿಕ್ಷಾ ಒಂದು ಕಡೆ ವಾಲಿಕೊಂಡೇ ಮನೆ ಸೇರಿತು!

ಕಡಲ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಅಸಂಖ್ಯ ಪ್ಲವಕ ಜೀವಿಗಳಿರುತ್ತವೆ. ತೊಟ್ಟಿಯಲ್ಲಿ ಅವು ಸತ್ತು ಕೊಳೆತರೆ ನೀರು ಕೆಡುತ್ತದೆ. ಅದಕ್ಕಾಗಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಎರಡು ವಾರ ಕತ್ತಲಲ್ಲಿಟ್ಟು, ತಿಳಿನೀರನ್ನು ಮಾತ್ರ ತೆಗೆದೆವು. ಹೈಡ್ರೋಮೀಟರ್ ತೇಲಿಬಿಟ್ಟು ನೋಡಿದಾಗ ಸುಮಾರು 1.025 ತೋರಿಸಿತು. ಒಂದು ಲೀಟರಿಗೆ ಸರಿಸುಮಾರು 35 ಗ್ರಾಂ ಉಪ್ಪು. ತೆರೆದ ಕಡಲಿನ ನೀರು ಇರಬೇಕಾದದ್ದು ಹೀಗೆಯೇ.

ಕಾಣದ ಕೆಲಸಗಾರರು

ಫೆಬ್ರವರಿ 1ರಂದು ತೊಟ್ಟಿ ತುಂಬಿತು. ಗಾಳಿಯ ಪಂಪು ಗುಳುಗುಳು ಎಂದಿತು. ನೀರು ಕನ್ನಡಿಯ ಹಾಗೆ! “ಅತ್ತೆ, ಈಗ ಮೀನು ತರೋಣವೇ?” ಎಂದು ಹುಡುಗಿ ಕುಣಿದಳು. ನಾನು ಮೀನಿನ ಬದಲು ಒಂದು ತುಂಡು ಸಿಗಡಿ ತಂದು ನೀರಿಗೆ ಹಾಕಿ, “ಇದು ಕೊಳೆಯಲಿ” ಎಂದೆ. ಅವಳು ಮೂಗು ಮುರಿದಳು.

ಏಕೆ ಹೀಗೆ? ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯ ಎಂಬ ತ್ಯಾಜ್ಯವನ್ನೂ ಹೊರಹಾಕುತ್ತದೆ. ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಬರುತ್ತದೆ. ಅದು ಮೀನಿಗೆ ವಿಷ. ವಿಶಾಲ ಕಡಲಿನಲ್ಲಿ ಅದು ಕ್ಷಣದಲ್ಲಿ ಚದುರಿಹೋಗುತ್ತದೆ. 130 ಲೀಟರಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋದೀತು? ಅದನ್ನು ತೆಗೆಯುವವರು ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಇದರಿಂದ ಅಪಾಯ ಬಹಳ ಕಡಿಮೆ. ಬಿಸಿಲಿನ ಹಂಗಿಲ್ಲದೆ, ಈ ಕೆಲಸದಿಂದಲೇ ಶಕ್ತಿ ಪಡೆದು ಬದುಕುವ ಬ್ಯಾಕ್ಟೀರಿಯಗಳಿವೆ ಎಂಬುದನ್ನು 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ ತೋರಿಸಿಕೊಟ್ಟರು. ನಮ್ಮ ಹೊಲಗದ್ದೆಗಳ ಮಣ್ಣಿನಲ್ಲೂ ಇವು ಇದೇ ಕೆಲಸ ಮಾಡುತ್ತವೆ.

ಇವು ಬಹಳ ನಿಧಾನವಾಗಿ ಹೆಚ್ಚುತ್ತವೆ. ಚಿಪ್ಪು, ಪಿಂಗಾಣಿಯ ಮೇಲೆ ಮನೆ ಮಾಡಿಕೊಳ್ಳಲು ಅವಕ್ಕೆ ವಾರಗಳೇ ಬೇಕು. ಅಲ್ಲಿಯವರೆಗೆ ಊಟವೂ ಬೇಕು. ಕೊಳೆಯುವ ಸಿಗಡಿ ಅವುಗಳ ಊಟ!

ಹುಡುಗಿ ಕ್ಯಾಲೆಂಡರಿನಲ್ಲಿ ದಿನವೂ ಬಣ್ಣ ತುಂಬತೊಡಗಿದಳು. ನಮ್ಮ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ನೀಲಿ, ಇದ್ದರೆ ನೇರಳೆ. ಮೂರನೆಯ ದಿನದಿಂದಲೇ ಹಸಿರು. ಹತ್ತನೆಯ ದಿನ ಕಡು ಹಸಿರು. “ಈಗ ಮೀನು ಬಿಟ್ಟಿದ್ದರೆ?” ಎಂದು ಕೇಳಿದೆ. ಅವಳು ಮಾತಾಡಲಿಲ್ಲ. ಹದಿನೈದನೆಯ ದಿನ ಹಸಿರು ತಿಳಿಯಾಯಿತು, ಆದರೆ ನೇರಳೆ ಕಾಣಿಸಿಕೊಂಡಿತು. ನೇರಳೆ ಮೂರು ವಾರಗಳಿಗೂ ಹೆಚ್ಚು ಕಾಲ ನಿಂತಿತ್ತು. 41ನೆಯ ದಿನ ಒಂದು ಕೊಳವೆ ಹಳದಿ, ಇನ್ನೊಂದು ನೀಲಿ! ಇಷ್ಟು ದಿನವೂ ನೀರು ನೋಡಲು ಮಾತ್ರ ಒಂದೇ ತರಹ ಇತ್ತು. ಕಣ್ಣಿಗೆ ತಿಳಿಯಾಗಿ ಕಾಣುವ ನೀರೆಲ್ಲ ಜೀವಿಗಳಿಗೆ ಹಿತವಲ್ಲ ಎಂಬುದಕ್ಕೆ ಆ ಕ್ಯಾಲೆಂಡರೇ ಸಾಕ್ಷಿ.

ಅವಳ ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ಆ ಮನೆಯವರು ತೊಟ್ಟಿ ತುಂಬಿದ ದಿನವೇ ಮೀನು ಬಿಟ್ಟಿದ್ದರು. ಮೀನು ಸತ್ತಾಗಲೆಲ್ಲ ಎಲ್ಲವನ್ನೂ ಹೊರತೆಗೆದು ಥಳಥಳ ತೊಳೆದಿದ್ದರು. ಆಗಷ್ಟೇ ನೆಲೆಯೂರುತ್ತಿದ್ದ ಕೆಲಸಗಾರರೂ ಆ ನೀರಿನ ಜೊತೆ ಹೋಗಿಬಿಟ್ಟರು! “ಆಗಿಬರುವುದಿಲ್ಲ” ಎಂಬ ಮಾತಿನ ಹಿಂದೆ ಇದ್ದದ್ದು ಅಮೋನಿಯ.

ಕಡಲು ಬರಿದಾದ ಕಥೆ

ಕಾಯುವ ದಿನಗಳಲ್ಲಿ ನಾವಿಬ್ಬರೂ ಅಕ್ವೇರಿಯಂನ ಇತಿಹಾಸ ಓದಿದೆವು. 1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬ ಮಹಿಳೆ ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಹವಳದ ಜೀವಿಗಳನ್ನು ಲಂಡನ್ನಿಗೆ ತಂದರು. ಆಗ ವಿದ್ಯುತ್ ಪಂಪು ಎಲ್ಲಿತ್ತು? ಅವರ ಮನೆಯ ಕೆಲಸದಾಕೆ ಕಿಟಕಿಯ ಬಳಿ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಿದ್ದಳಂತೆ, ಗಾಳಿ ಬೆರೆಯಲಿ ಎಂದು! ಆಮೇಲೆ ಥಿನ್ ಅವರು ನೀರಿನಲ್ಲಿ ಕಡಲಪಾಚಿ ಬೆಳೆಸಿದರು. ಪಾಚಿ ಬೆಳಕಿನಲ್ಲಿ ಆಕ್ಸಿಜನ್ ಕೊಡುತ್ತದಲ್ಲವೇ? 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರೇ ಮನೆಮಾತಾಯಿತು.

ಮುಂದೆ ನಡೆದದ್ದು ದುಃಖದ ಕಥೆ. ಜನ ಬುಟ್ಟಿ ಹಿಡಿದು ಕಡಲತೀರಕ್ಕೆ ಮುಗಿಬಿದ್ದರು. ಬಂಡೆಗಳ ನಡುವಿನ ನೀರುಗುಂಡಿಗಳಲ್ಲಿದ್ದ ಜೀವಿಗಳನ್ನು ಬಾಚಿಕೊಂಡು ಹೋದರು. ಗಾಸ್ ಅವರ ಮಗ ಎಡ್ಮಂಡ್ ಗಾಸ್, ತನ್ನ ಬಾಲ್ಯದಲ್ಲಿ ತುಂಬಿ ತುಳುಕುತ್ತಿದ್ದ ಆ ತೀರಗಳು ಬರಿದಾದುದನ್ನು 1907ರ ತಮ್ಮ ಪುಸ್ತಕದಲ್ಲಿ ನೋವಿನಿಂದ ನೆನೆದಿದ್ದಾರೆ.

ಭಾರತದಲ್ಲಿ 2001ರಿಂದ ಕಡಲಕುದುರೆಗಳಿಗೂ ಗಟ್ಟಿ ಹವಳಗಳಿಗೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹುಲಿಯನ್ನು ಹಿಡಿಯುವಂತಿಲ್ಲ, ಹಾಗೆಯೇ ಹವಳದ ತುಂಡನ್ನೂ ಕಡಲಿನಿಂದ ಕಿತ್ತು ತರುವಂತಿಲ್ಲ. ಹವಳದ ಕಲ್ಲಿನ ಬದಲು ನಾವು ಪಿಂಗಾಣಿ ಉಂಡೆ ಬಳಸಿದ್ದು ಇದಕ್ಕೇ.

ಮೀನನ್ನು ಆರಿಸುವಾಗಲೂ ಇದೇ ಯೋಚನೆ. ಕಿತ್ತಳೆ ಮೈಮೇಲೆ ಮೂರು ಬಿಳಿ ಪಟ್ಟೆಗಳಿರುವ ಕೋಡಂಗಿ ಮೀನನ್ನು ನೀವು ಚಿತ್ರದಲ್ಲಿ ನೋಡಿರಬಹುದು. 2003ರ ‘ಫೈಂಡಿಂಗ್ ನೀಮೊ’ ಸಿನಿಮಾದ ನಾಯಕ ಅದೇ. ನಮ್ಮ ಅಂಡಮಾನಿನ ಹವಳ ದಿಬ್ಬಗಳಲ್ಲೂ ಅದು ಇದೆ. ಅದನ್ನು ಕಡಲಿನಿಂದ ಹಿಡಿಯಲೇಬೇಕೆಂದಿಲ್ಲ. ಕೊಚ್ಚಿಯಲ್ಲಿ ಪ್ರಧಾನ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರ ಮರಿ ಮಾಡಿಸಿ ಬೆಳೆಸುವ ವಿಧಾನವನ್ನು ರೂಪಿಸಿದ್ದಾರೆ. ಹೀಗೆ ತೊಟ್ಟಿಯಲ್ಲೇ ಹುಟ್ಟಿದ, ಹೆಬ್ಬೆರಳಿನಷ್ಟೂ ಇಲ್ಲದ ಎರಡು ಮರಿಗಳು ಮಾರ್ಚ್ ಮೂರನೆಯ ವಾರ ನಮ್ಮ ಮನೆಗೆ ಬಂದವು.

ಇನ್ನೊಂದು ಸ್ವಾರಸ್ಯ ಗೊತ್ತೇ? ಕೋಡಂಗಿ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ!

ಕರೆಂಟು ಹೋದ ರಾತ್ರಿ

ಜೂನ್ ತಿಂಗಳ ಒಂದು ಸಂಜೆ ಭಾರಿ ಗಾಳಿಮಳೆ. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಗಾಳಿಯ ಪಂಪು ನಿಂತಿತು. ಬ್ಯಾಟರಿ ಪಂಪು ಎರಡು ಗಂಟೆ ನಡೆದು ಸುಮ್ಮನಾಯಿತು.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇದ್ದರೆ, ನಮ್ಮ ಕರಾವಳಿಯ ಬೆಚ್ಚಗಿನ ಒಂದು ಲೀಟರ್ ಕಡಲ ನೀರು ಹಿಡಿದಿಟ್ಟುಕೊಳ್ಳುವುದು 6ರಿಂದ 7 ಮಿಲಿಗ್ರಾಂ ಮಾತ್ರ. ಅದನ್ನು ಮೀನುಗಳೂ ಬಳಸಬೇಕು, ಬ್ಯಾಕ್ಟೀರಿಯಗಳೂ ಬಳಸಬೇಕು. ರಾತ್ರಿ ಹತ್ತರ ಹೊತ್ತಿಗೆ ಮೀನುಗಳೆರಡೂ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. ಹುಡುಗಿಯ ಮುಖ ಬಾಡಿತು. ಒಂದೇ ಕ್ಷಣ. ಮರುಕ್ಷಣ ಬಚ್ಚಲಿಗೆ ಓಡಿ ಒಂದು ಹೊಸ ಚೊಂಬು ತಂದಳು. “ಆನಾ ಥಿನ್ ಮನೆಯ ಕೆಲಸದವಳು ಮಾಡಿದ ಹಾಗೆ!” ಎಂದಳು.

ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಮೇಲಿನಿಂದ ಧಾರೆಯಾಗಿ ಸುರಿಯುವುದು. ಹತ್ತು ನಿಮಿಷ ಸುರಿಯುವುದು, ಹತ್ತು ನಿಮಿಷ ವಿಶ್ರಾಂತಿ. ಅವಳು, ನಾನು, ಅಣ್ಣ, ಅತ್ತಿಗೆ ಸರದಿಯ ಮೇಲೆ ನಿಂತೆವು. ಸ್ವಲ್ಪ ಹೊತ್ತಿನಲ್ಲೇ ಮೀನುಗಳು ಕೆಳಗಿಳಿದವು. ಬೆಳಗಿನ ಜಾವ ಆರಕ್ಕೆ ಕರೆಂಟು ಬಂದು ಪಂಪು ಗುಳುಗುಳು ಎಂದಾಗ ಅವಳು ಕುರ್ಚಿಯಲ್ಲೇ ಚೊಂಬು ಹಿಡಿದು ನಿದ್ದೆ ಹೋಗಿದ್ದಳು. ಮೀನುಗಳು ಪಿಂಗಾಣಿ ಉಂಡೆಗಳ ಸಂದಿಯಲ್ಲಿ ಆಡುತ್ತಿದ್ದವು. ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಉಪಾಯ ಕುಮಟಾದಲ್ಲಿ ಎರಡು ಜೀವ ಉಳಿಸಿತು!

ಹುಡುಗಿ ಈಗ ಹೈಸ್ಕೂಲು ಮುಗಿಸುತ್ತಿದ್ದಾಳೆ. ಎರಡು ವಾರಕ್ಕೊಮ್ಮೆ 13 ಲೀಟರ್ ಹಳೆಯ ನೀರು ತೆಗೆದು ಹೊಸ ಕಡಲ ನೀರು ಹಾಕುವುದು ಅವಳ ಕೆಲಸ. ಕೂಡಿಬಿದ್ದ ನೈಟ್ರೇಟ್ ಹೀಗೆ ಕಡಿಮೆಯಾಗುತ್ತದೆ. ಪಿಂಗಾಣಿ ಉಂಡೆಗಳನ್ನು ಮಾತ್ರ ಅವಳು ಯಾರಿಗೂ ತೊಳೆಯಲು ಬಿಡುವುದಿಲ್ಲ. “ಅಲ್ಲಿ ಜನ ಇದ್ದಾರೆ” ಎನ್ನುತ್ತಾಳೆ.

ಯೋಚಿಸಿ, ಮಾಡಿ ನೋಡಿ

ಬೇಸಿಗೆಯಲ್ಲಿ ನಮ್ಮ ತೊಟ್ಟಿಯಿಂದ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿಯಾಗುತ್ತದೆ. ಅದನ್ನು ತುಂಬಲು ಕಡಲ ನೀರು ಹಾಕಬೇಕೇ, ಸಿಹಿನೀರು ಹಾಕಬೇಕೇ? ಲೆಕ್ಕ ಮಾಡಿ. 130 ಲೀಟರಿನಲ್ಲಿ, ಲೀಟರಿಗೆ 35 ಗ್ರಾಂನಂತೆ 4,550 ಗ್ರಾಂ ಉಪ್ಪಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನವೂ ಒಂದು ಲೀಟರ್ ಕಡಲ ನೀರು ಸೇರಿಸುತ್ತ ಹೋದರೆ 30 ದಿನಗಳಲ್ಲಿ 1,050 ಗ್ರಾಂ ಉಪ್ಪು ಹೆಚ್ಚಾಗಿ, ಲೀಟರಿಗೆ 43 ಗ್ರಾಂ ದಾಟುತ್ತದೆ. ಮೀನಿಗೆ ಕಷ್ಟ! ಆದ್ದರಿಂದ ಸೇರಿಸಬೇಕಾದದ್ದು ಶುದ್ಧ ಸಿಹಿನೀರು.

ಇದನ್ನು ನೀವೇ ಪರೀಕ್ಷಿಸಬಹುದು.

1. ಒಂದು ಸ್ಟ್ರಾ ತೆಗೆದುಕೊಂಡು ಒಂದು ತುದಿಗೆ ಜೇಡಿಮಣ್ಣು ಬಿಗಿಯಾಗಿ ತುಂಬಿ. ಎತ್ತರದ ಲೋಟದ ನೀರಿನಲ್ಲಿ ಅದು ನೆಟ್ಟಗೆ ತೇಲಬೇಕು. ನೀರು ಮುಟ್ಟುವ ಜಾಗಕ್ಕೆ ಗುರುತು ಹಾಕಿ. ಇದೇ ನಿಮ್ಮ ಹೈಡ್ರೋಮೀಟರ್.

2. 400 ಮಿಲಿಲೀಟರ್ ನೀರಿಗೆ 14 ಗ್ರಾಂ ಉಪ್ಪು ಕರಗಿಸಿ. ಸ್ಟ್ರಾ ತೇಲಿಬಿಡಿ. ಗುರುತು ನೀರಿನಿಂದ ತುಸು ಮೇಲೇಳುತ್ತದೆ. ಎರಡು ಮೂರು ಮಿಲಿಮೀಟರ್ ಅಷ್ಟೇ, ಕಣ್ಣಿಟ್ಟು ನೋಡಿ.

3. ಆ ಉಪ್ಪುನೀರನ್ನು ಅಗಲವಾದ ತಟ್ಟೆಯಲ್ಲಿ ಬಿಸಿಲಿಗಿಡಿ. ಅರ್ಧದಷ್ಟಾದಾಗ ಲೋಟಕ್ಕೆ ಸುರಿದು ಮತ್ತೆ ಸ್ಟ್ರಾ ತೇಲಿಬಿಡಿ. ಗುರುತು ಎಲ್ಲಿದೆ?

4. ಈಗ ಮೊದಲಿನ ಮಟ್ಟ ಬರುವಷ್ಟು ಸಿಹಿನೀರು ಸೇರಿಸಿ. ಗುರುತು ಎಲ್ಲಿಗೆ ಬಂತು? ಏಕೆ? ತರಗತಿಯಲ್ಲಿ ಚರ್ಚಿಸಿ.

ಕಡಲತೀರದ ಮಕ್ಕಳಿಗೆ ಇನ್ನೊಂದು ಕೆಲಸ. ಇಳಿತದ ಹೊತ್ತಿನಲ್ಲಿ ದೊಡ್ಡವರ ಜೊತೆ ಹೋಗಿ ಬಂಡೆಗಳ ನಡುವಿನ ಒಂದು ನೀರುಗುಂಡಿಯ ಬಳಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಎಷ್ಟು ಬಗೆಯ ಜೀವಿಗಳು ಕಂಡವು, ಬರೆದುಕೊಳ್ಳಿ. ಅವನ್ನು ಅಲ್ಲೇ ಬಿಟ್ಟು ಬನ್ನಿ. ಒಂದು ತಿಂಗಳ ನಂತರ ಮತ್ತೆ ಹೋಗಿ ಎಣಿಸಿ.